‘ಏನೋ ಮಾಡಿರ್ತಾರೆ’ ಎಂಬ ಮಾತನ್ನು ಇವತ್ತಿಗೆ ಬಿಡೋಣ

ಹೂಗ್ಯಂ, ಮೀಣ್ಯಂ, ರಾಮಾಪುರ, ಮಾರ್ಟಳ್ಳಿ, ಒಡೆಯರಪಾಳ್ಯ, ಹನೂರು ಸುತ್ತಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಊರಿನ ಹಿರಿಯರೇ, ಕಾಲೇಜಿಗೆ ಹೋಗುವ ಮಕ್ಕಳೇ,

ಈ ಕಾಗದವನ್ನು ಮಡಿಚಿ ಜೇಬಿಗೆ ಇಳಿಸಬೇಡಿ. ನಿಂತಲ್ಲೇ ಪೂರ್ತಿ ಓದಿ. ಮನೆಗೆ ಹೋದ ಮೇಲೆ, ಅಕ್ಷರ ಬಾರದ ಅಪ್ಪನಿಗೋ ಅಜ್ಜಿಗೋ ಗಟ್ಟಿಯಾಗಿ ಓದಿ ಹೇಳಿ. ಇದರಲ್ಲಿ ಬರೆದಿರುವುದರ ಅರ್ಧ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರು ಇಷ್ಟು ವರ್ಷ ಅದನ್ನು ಯಾಕೆ ಬಾಯಿ ಬಿಟ್ಟು ಹೇಳಲಿಲ್ಲ ಎನ್ನುವುದೇ ಈ ಕರಪತ್ರದ ವಿಷಯ.

1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕಾಡುಗಳ್ಳ ವೀರಪ್ಪನ್ ಶರಣಾಗತಿಯ ನೆಪ ಹೇಳಿ ಕರೆಸಿ ಕೊಂದ. 1992ರ ಮೇ ತಿಂಗಳಲ್ಲಿ ನಮ್ಮ ರಾಮಾಪುರ ಠಾಣೆಯ ಮೇಲೆ ದಾಳಿ ನಡೆದು ಪೊಲೀಸರು ಸತ್ತರು. ಅದೇ ವರ್ಷ ಆಗಸ್ಟ್ 14ರಂದು, ಇಲ್ಲೇ ಮೀಣ್ಯಂ ಬಳಿ, ಎಸ್ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಹೊಂಚಿನಲ್ಲಿ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ದಾರಿಯಲ್ಲಿ ನೆಲಬಾಂಬ್ ಸಿಡಿದು 22 ಮಂದಿ ಹೋದರು. ಇವರೆಲ್ಲ ಕರ್ತವ್ಯದಲ್ಲಿ ಸತ್ತವರು, ಇಲ್ಲವೇ ಅವರ ಜೊತೆಗೆ ಹೋದ ಬಡವರು. ಅವರ ಸಾವನ್ನು ಹಗುರ ಮಾಡಿ ಮಾತಾಡುವವರು ನಾವಲ್ಲ. ಕಾಡುಗಳ್ಳನನ್ನು ವೀರನೆಂದು ಮೆರೆಸುವವರ ಜೊತೆಗೂ ನಾವಿಲ್ಲ. ಅವನ ಭಯದಲ್ಲಿ ಬದುಕಿದ್ದು ಪೇಟೆಯವರಲ್ಲ, ನಾವು.

ಆದರೆ ಆಮೇಲೆ ಏನಾಯಿತು? ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ಕಾರ್ಯಪಡೆ ಕಾಡಿಗೆ ಇಳಿಯಿತು. ಅವನು ಸಿಗಲಿಲ್ಲ, ಊರುಗಳು ಸಿಕ್ಕವು. ಸಂತೆಯಿಂದ ಅಕ್ಕಿ ಮೂಟೆ ಹೊತ್ತು ಬಂದವನ ಮೇಲೆ ಅನುಮಾನ, ದನ ಅಟ್ಟಿಕೊಂಡು ಕಾಡಿಗೆ ಹೋದವನ ಮೇಲೆ ಅನುಮಾನ, ಮನೆಯಲ್ಲಿಲ್ಲದವನ ಹೆಂಡತಿಯ ಮೇಲೆ ಅನುಮಾನ. ಮಲೆ ಮಹದೇಶ್ವರ ಬೆಟ್ಟದ ಕ್ಯಾಂಪಿನಲ್ಲಿ ‘ವರ್ಕ್‌ಶಾಪ್’ ಎಂದು ಹೆಸರಾದ ಒಂದು ಜಾಗವಿತ್ತು. ಅಲ್ಲಿಗೆ ಹೋಗಿ ಜೀವಸಹಿತ ಬಂದವರು ನೇತುಹಾಕಿದ್ದನ್ನು, ಕಿವಿಗೆ ಕರೆಂಟು ಕೊಟ್ಟಿದ್ದನ್ನು, ಹೆಂಗಸರ ಮೇಲೆ ನಡೆದದ್ದನ್ನು ಮುಂದೆ ವಿಚಾರಣೆಯಲ್ಲಿ ಹೇಳಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ಮಾಡಿತು. ನಡುವೆ ಕೋರ್ಟಿನ ತಡೆ ಬಂತು. ವರದಿ ಬರುವ ಹೊತ್ತಿಗೆ 2003 ಮುಗಿಯುತ್ತಿತ್ತು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದಿತು. ಆ 89 ಮಂದಿ ಹೇಳಿದ್ದು ಕಟ್ಟುಕತೆಯಲ್ಲ ಎಂದು ದೇಶದ ಆಯೋಗವೇ ಒಪ್ಪಿಕೊಂಡ ಹಾಗಾಯಿತು. ಹಣ ಬಂತು, ಶಿಕ್ಷೆ ಬರಲಿಲ್ಲ.

ಈಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಆ ಕ್ಯಾಂಪು ಗುಟ್ಟಾಗಿತ್ತೇ? ವರ್ಷಕ್ಕೆ ಲಕ್ಷಾಂತರ ಜನ ಉಘೇ ಎಂದು ಹತ್ತಿ ಇಳಿಯುವ ಬೆಟ್ಟ ಅದು. ಅಲ್ಲಿಗೆ ಹಾಲು ಹೋಗುತ್ತಿತ್ತು, ಸೌದೆ ಹೋಗುತ್ತಿತ್ತು, ಬಸ್ಸು ಹೋಗುತ್ತಿತ್ತು. ಕೊಳ್ಳೇಗಾಲದ ಅಂಗಡಿಗಳಿಂದ ದಿನಸಿ ಹೋಗುತ್ತಿತ್ತು. ಜೀಪಿನಲ್ಲಿ ಯಾರನ್ನು ಕೂರಿಸಿಕೊಂಡು ಹೋದರು, ಯಾರು ವಾಪಸು ಬರಲಿಲ್ಲ, ಎಲ್ಲ ಊರಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಎಂದು ಬದುಕಲು ನಮಗೆ ಕೆಲವು ಮಾತುಗಳು ಬೇಕಾದವು. ಬಂದೂಕಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಮಾತುಗಳು.

‘ಏನಾರ ಮಾಡಿರ್ತಾನೆ ಕನಪ್ಪ, ಸುಮ್ಕ ಹಿಡ್ಕಂಡೋದಾರ?’ ಇದು ಮೊದಲನೆಯದು, ಎಲ್ಲಕ್ಕಿಂತ ಗಟ್ಟಿಯದು. ಈ ಮಾತು ಆಡಿದವರು ಕೆಟ್ಟವರಲ್ಲ. ತಪ್ಪು ಮಾಡಿದವನಿಗೆ ಮಾತ್ರ ಏಟು ಬೀಳುತ್ತದೆ ಎಂದಾದರೆ, ತಪ್ಪು ಮಾಡದ ನನಗೆ ಏಟು ಬೀಳುವುದಿಲ್ಲ. ಅಷ್ಟು ಧೈರ್ಯ ಸಿಗಲಿ ಎಂದೇ ಪಕ್ಕದ ಮನೆಯವನನ್ನು ತಪ್ಪಿತಸ್ಥನನ್ನಾಗಿ ಮಾಡಿದೆವು. ಯಾವ ಕೋರ್ಟೂ ತೀರ್ಪು ಕೊಡುವ ಮೊದಲು ಟೀ ಅಂಗಡಿಯ ಬೆಂಚು ತೀರ್ಪು ಕೊಟ್ಟಿತ್ತು. ಅವನ ಹೆಂಡತಿ ಕೈಗಡ ಕೇಳಿ ಬಂದಾಗ ಬಾಗಿಲು ಓರೆಯಾಯಿತು. ಅವನ ಮಕ್ಕಳ ಜೊತೆ ನಮ್ಮ ಮಕ್ಕಳು ಆಡುವುದು ನಿಂತಿತು. ಕ್ಯಾಂಪಿನವರು ಮಾಡಲಾಗದ ಕೆಲಸವಿದು, ಇದನ್ನು ಊರೇ ಮಾಡಿಕೊಟ್ಟಿತು.

ದೂರದ ಅರ್ಜೆಂಟೀನಾ ದೇಶದಲ್ಲಿ 1976ರಿಂದ 1983ರವರೆಗೆ ಸೇನೆಯ ಆಳ್ವಿಕೆ ಇತ್ತು. ಸಾವಿರಾರು ಜನರನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋದರು, ಹೆಣ ಕೂಡ ಸಿಗಲಿಲ್ಲ. ಅಲ್ಲಿನ ನೆರೆಹೊರೆಯವರು ಆಡುತ್ತಿದ್ದದ್ದೂ ಇದೇ ಮಾತು: ಏನೋ ಮಾಡಿರಬೇಕು ಬಿಡಿ. ಭಾಷೆ ಬೇರೆ, ಸಮುದ್ರ ಬೇರೆ, ಮಾತು ಮಾತ್ರ ನಮ್ಮೂರಿನದೇ. ಅದನ್ನು ಮುರಿದವರು 14 ಮಂದಿ ತಾಯಂದಿರು. 1977ರ ಏಪ್ರಿಲ್ 30ರಂದು ರಾಜಧಾನಿಯ ಅರಮನೆ ಎದುರಿನ ಚೌಕದಲ್ಲಿ ಬಂದು ನಿಂತು, ನಮ್ಮ ಮಕ್ಕಳು ಎಲ್ಲಿ ಎಂದರು. ಬೇರೆ ಏನನ್ನೂ ಕೇಳಲಿಲ್ಲ.

ಎರಡನೆಯ ಮಾತು, ‘ಅದು ಅವರ ಜನಕ್ಕೆ, ನಮಗಲ್ಲ.’ ತಮಿಳು ಆಡುವವನು ಹೋದರೆ ಕನ್ನಡದವನು ಸುಮ್ಮನಿದ್ದ. ಸೋಲಿಗರನ್ನು ಎಳೆದಾಗ ಜಮೀನುದಾರ ಸುಮ್ಮನಿದ್ದ. ಮೇಲಿನ ಬೀದಿಯವರು ಕೆಳಗಿನ ಬೀದಿಯ ಅಳುವಿಗೆ ಕಿವಿ ಮುಚ್ಚಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಟಾಡಾ ಕಾಯ್ದೆಯಲ್ಲಿ ಮೈಸೂರು ಜೈಲು ಸೇರಿದವರ ಪಟ್ಟಿಯಲ್ಲಿ ಎಲ್ಲ ಜಾತಿಯ, ಎರಡೂ ಭಾಷೆಯ ಹೆಸರುಗಳಿದ್ದವು.

ಟಾಡಾ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇವತ್ತಿನ ಹುಡುಗರಿಗೆ ಅದರ ಹೆಸರೇ ಗೊತ್ತಿಲ್ಲ. 1985ರಲ್ಲಿ ಬಂದ ಭಯೋತ್ಪಾದನೆ ತಡೆ ಕಾಯ್ದೆ ಅದು. ಪೊಲೀಸ್ ಅಧಿಕಾರಿಯ ಎದುರು ಕೊಟ್ಟ ತಪ್ಪೊಪ್ಪಿಗೆಯೇ ಸಾಕ್ಷಿ, ಜಾಮೀನು ಹೆಚ್ಚೂಕಡಿಮೆ ಅಸಾಧ್ಯ. ದೇಶದಲ್ಲಿ 76 ಸಾವಿರಕ್ಕೂ ಹೆಚ್ಚು ಮಂದಿಯನ್ನು ಅದರಡಿ ಹಿಡಿದರು, ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇಲ್ಲ. 1995ರಲ್ಲಿ ಕಾಯ್ದೆ ಸತ್ತುಹೋಯಿತು, ಅದರಲ್ಲಿ ಸಿಕ್ಕಿಕೊಂಡ ನಮ್ಮ ಜನ ಜೈಲಿನಲ್ಲೇ ಉಳಿದರು. 2000ನೇ ಇಸವಿ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ, ಟಾಡಾದಲ್ಲಿ ಒಳಗಿದ್ದವರನ್ನು ಬಿಡಿ ಎಂದ. ಅಷ್ಟು ವರ್ಷ ಇವರು ಭಯಂಕರ ಭಯೋತ್ಪಾದಕರು ಎನ್ನುತ್ತಿದ್ದ ಸರ್ಕಾರ ಒಂದೇ ತಿಂಗಳಲ್ಲಿ ಟಾಡಾ ಆರೋಪ ಕೈಬಿಡಲು ಹೊರಟಿತು. ಅದನ್ನು ತಡೆದವರು ಅಬ್ದುಲ್ ಕರೀಂ, ಮೀಣ್ಯಂ ಬಳಿ ಸತ್ತ ಶಕೀಲ್ ಅಹಮದರ ತಂದೆ. ಮಗನನ್ನು ಕಳೆದುಕೊಂಡ ಆ ಮುದುಕರು ಇಡೀ ರಾಜ್ಯದ ಭಾವಾವೇಶದ ಎದುರು ನಿಂತು ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 2000ದ ನವೆಂಬರ್ 7ರಂದು ಕೋರ್ಟು ಸರ್ಕಾರದ ನಡೆಯನ್ನು ರದ್ದು ಮಾಡಿತು. ಒಳಗಿದ್ದವರು ಒಳಗೇ ಉಳಿದರು. ಅವರ ಮನೆಯವರಿಗೆ ಅದು ಎಷ್ಟು ಕಹಿಯಾಗಿತ್ತು ಎಂದು ನಮಗೆ ಗೊತ್ತು. ಆದರೂ ಹೇಳುತ್ತೇವೆ, ಕರೀಂ ಸಾಹೇಬರು ಕೇಳಿದ್ದು ಸರಿಯಾಗಿತ್ತು. ಕಾನೂನು ಯಾರದೋ ಭಯಕ್ಕೆ ಬಿಗಿಯಾಗಬಾರದು, ಇನ್ಯಾರದೋ ಭಯಕ್ಕೆ ಸಡಿಲವಾಗಬಾರದು. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಮಂದಿ ನಿರಪರಾಧಿಗಳೆಂದು ಹೊರಬಂದರು. ‘ಏನಾರ ಮಾಡಿರ್ತಾನೆ’ ಎಂದಿದ್ದ ನಾವು ಅವರ ಮುಖ ನೋಡಿ ಏನು ಹೇಳಿದೆವು? ಏನೂ ಹೇಳಲಿಲ್ಲ. ಹೊಲ ಬೀಳು ಬಿದ್ದಿತ್ತು, ದನ ಮಾರಿಹೋಗಿದ್ದವು, ಕೆಲವರ ಮಕ್ಕಳಿಗೆ ಅಪ್ಪನ ಗುರುತು ಸಿಗಲಿಲ್ಲ. ನಾವು ಬಸ್‌ಸ್ಟಾಂಡಿನಲ್ಲಿ ತಲೆ ಬಗ್ಗಿಸಿ ಬೀಡಿ ಹಚ್ಚಿದೆವು.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಿ. ಮಹಜರು. ಒಂದು ವಸ್ತು ಜಪ್ತಿಯಾಯಿತು, ಒಂದು ಹೆಣ ಸಿಕ್ಕಿತು, ಒಂದು ಮನೆ ಶೋಧವಾಯಿತು ಎಂದು ಬರೆಯುವ ಕಾಗದ ಅದು. ಆ ಊರಿನ, ಆ ಕೇಸಿಗೆ ಸಂಬಂಧವಿಲ್ಲದ ಇಬ್ಬರು ಮರ್ಯಾದಸ್ಥರಾದರೂ ಶೋಧದ ಎದುರಿಗಿದ್ದು ಸಹಿ ಹಾಕಬೇಕು ಎಂದು ಕಾನೂನು ಹೇಳುತ್ತದೆ. ಯಾಕೆ? ಪೊಲೀಸರು ಬರೆದದ್ದು ನಿಜವೇ ಎಂದು ಜನರ ಕಣ್ಣು ನೋಡಲಿ ಎಂದು. ಈಗ ನಡೆಯುವುದನ್ನು ನೆನಪಿಸಿಕೊಳ್ಳಿ. ಠಾಣೆಯಿಂದ ಒಬ್ಬರು ಅಂಗಡಿಗೆ ಬರುತ್ತಾರೆ. ‘ಬಾರಪ್ಪ, ಒಂದು ಸೈನ್ ಹಾಕು’ ಎನ್ನುತ್ತಾರೆ. ಕಾಗದದ ಮೇಲರ್ಧ ಬರೆದಿರುತ್ತದೆ, ಕೆಳಗರ್ಧ ಖಾಲಿ. ಕೆಲವೊಮ್ಮೆ ಪೂರ್ತಿ ಖಾಲಿ. ನಾಳೆ ಲೈಸೆನ್ಸು ಬೇಕು, ಮಗನ ಪಾಸ್‌ಪೋರ್ಟಿಗೆ ವೆರಿಫಿಕೇಶನ್ ಬೇಕು, ಬೈಕು ಹಿಡಿದರೆ ಬಿಡಿಸಿಕೊಳ್ಳಬೇಕು. ಓದದೆ ಸಹಿ ಬೀಳುತ್ತದೆ. ಪೆನ್ನು ಅವರದೇ, ಹೆಸರು ನಮ್ಮದು. ವರ್ಷಗಳಾದ ಮೇಲೆ ಯಾವುದೋ ಕೋರ್ಟಿನಲ್ಲಿ ಆ ಹೆಸರು ಒಬ್ಬ ಕೂಲಿಯವನ ಕೊರಳಿಗೆ ಬರುತ್ತದೆ, ಇಲ್ಲವೇ ಒಬ್ಬ ನಿಜವಾದ ಅಪರಾಧಿಯನ್ನು ಬಿಡಿಸುತ್ತದೆ. ಸಹಿ ಹಾಕಿದವನು ಯಾರಿಗೂ ಹೊಡೆದಿಲ್ಲ, ಯಾರನ್ನೂ ಬೈದಿಲ್ಲ. ದಬ್ಬಾಳಿಕೆಗೆ ಇಂಥ ಸಜ್ಜನರೇ ಬೇಕು. ಹೊಡೆಯುವವರು ಹತ್ತು ಮಂದಿ ಇದ್ದರೆ ಸಾಕು, ಸಹಿ ಹಾಕುವವರು ಊರುತುಂಬ ಬೇಕು.

ಭಯಪಟ್ಟವರು ನಾವೊಬ್ಬರೇ ಅಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತಿದ್ದಾಗ ಹೊರಗೆ ರೈಲು ಸರಿಯಾದ ಟೈಮಿಗೆ ಬರುತ್ತಿದೆ ಎಂದು ಮೆಚ್ಚಿಕೊಂಡವರಿದ್ದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಬೆನ್ನಲ್ಲೇ ಆಕೆ ತೀರಿಕೊಂಡರು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿಗೆ ಬರುವ ಹಕ್ಕೂ ಇಲ್ಲ ಎಂದರು. ಎಚ್.ಆರ್. ಖನ್ನಾ ಒಬ್ಬರೇ, ಆ ಹಕ್ಕು ಇದೆ ಎಂದು ಬರೆದರು, ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಕಳೆದುಕೊಂಡರು. ಅಷ್ಟು ಓದಿದವರಿಗೇ ಕಾಲು ನಡುಗಿದ ಮೇಲೆ ಹೂಗ್ಯಂನ ರಾಗಿ ಬೆಳೆಯುವವನು ಹೆದರಿದ್ದು ಅವಮಾನವಲ್ಲ. ಹೆದರಿಕೆಯನ್ನು ಬುದ್ಧಿವಂತಿಕೆ ಎಂದು ಮಕ್ಕಳಿಗೆ ಹೇಳಿಕೊಟ್ಟೆವಲ್ಲ, ಅದು ತಪ್ಪು. ‘ನಮಗ್ಯಾಕೆ ಊರ ಉಸಾಬರಿ’ ಎನ್ನುವುದನ್ನು ಸಂಸ್ಕಾರದಂತೆ ದಾಟಿಸಿದೆವು. ವೀರಪ್ಪನ್ 2004ರ ಅಕ್ಟೋಬರ್ 18ರಂದು ಸತ್ತ. ಕ್ಯಾಂಪು ಎದ್ದುಹೋಯಿತು. ಆ ಮಾತು ಮಾತ್ರ ಉಳಿದಿದೆ, ಅವತ್ತು ಹುಟ್ಟದೇ ಇದ್ದವರ ಬಾಯಲ್ಲೂ ಇದೆ.

ನೋಡಿ, 2024ರ ಏಪ್ರಿಲ್ 26, ಲೋಕಸಭೆ ಚುನಾವಣೆ. ರಸ್ತೆ, ನೀರು, ಕರೆಂಟು ಇಲ್ಲ ಎಂದು ಮತದಾನ ಬಹಿಷ್ಕರಿಸಿದ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು. ಮತಗಟ್ಟೆ ಒಡೆದದ್ದು ತಪ್ಪು, ಅದಕ್ಕೆ ಕೇಸು ಆಗಲಿ. ಆದರೆ ಬಂಧನದ ಭಯಕ್ಕೆ ಗಂಡಸರು ಊರು ಬಿಟ್ಟು ಕಾಡು ಸೇರಿದಾಗ, ಮನೆಗಳಲ್ಲಿ ಮುದುಕರೂ ಮಕ್ಕಳೂ ಉಳಿದಾಗ, ಸುತ್ತಲಿನ ನಾವು ಏನೆಂದೆವು? ಬೇಕಿತ್ತಾ ಇವರಿಗೆ ಎಂದೆವು. ರಸ್ತೆ ಕೇಳಿದ್ದು ಸರಿಯೇ ತಪ್ಪೇ ಎಂದು ಯಾರೂ ಮಾತಾಡಲಿಲ್ಲ.

ಮತ್ತೆ 2025ರ ಜೂನ್ 26. ನಮ್ಮದೇ ಹೂಗ್ಯಂ ವಲಯದ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ, ವಿಷವಿಕ್ಕಿದ ಹಸುವಿನ ಮಾಂಸ ತಿಂದು ಸತ್ತವು. ಮಾದಪ್ಪನ ವಾಹನ ಹುಲಿ. ಅದನ್ನು ವಿಷ ಹಾಕಿ ಕೊಲ್ಲುವುದು ಪಾಪವೂ ಹೌದು, ಅಪರಾಧವೂ ಹೌದು. ಬಂಧಿತರಾದವರ ವಿಷಯವನ್ನು ಕೋರ್ಟು ನೋಡಿಕೊಳ್ಳುತ್ತದೆ. ಆದರೆ ಆಮೇಲೆ ದನ ಮೇಯಿಸುವ ಪ್ರತಿಯೊಬ್ಬನೂ ಹುಲಿಹಂತಕನಾಗಿ ಕಂಡ. ಕಾಡಿಗೆ ದನ ಬಿಡುವುದನ್ನೇ ನಿಷೇಧಿಸುವ ಮಾತು ವಿಧಾನಸೌಧದಿಂದ ಬಂತು. ಕಾಡು ಕಾಯುವ ಹೊರಗುತ್ತಿಗೆ ಹುಡುಗರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟಿರಲಿಲ್ಲ. ಸಂಬಳವಿಲ್ಲದ ವಾಚರ್‌ಗೂ ಪರಿಹಾರ ಸಿಗದೆ ಹಸು ಕಳೆದುಕೊಳ್ಳುವ ರೈತನಿಗೂ ಜಗಳ ಹಚ್ಚಿ, ಸಂಬಳ ಕೊಡಬೇಕಾದವರು, ಪರಿಹಾರ ಕೊಡಬೇಕಾದವರು ದೂರ ನಿಂತರು. ಒಬ್ಬನ ತಪ್ಪಿಗೆ ಊರನ್ನೇ ಅನುಮಾನಿಸುವ ಈ ಲೆಕ್ಕವನ್ನು ನಾವು ಮೂವತ್ತು ವರ್ಷದ ಹಿಂದೆ ಒಮ್ಮೆ ಸುಮ್ಮನೆ ಒಪ್ಪಿಕೊಂಡಿದ್ದೇವೆ. ಮತ್ತೆ ಒಪ್ಪಬಾರದು.

ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಕೇಳುವವರಿಗೆ ಎರಡು ಉತ್ತರ ಹತ್ತಿರದಲ್ಲೇ ಇವೆ.

ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತಿ. 1992ರ ಜೂನ್ 20ರಂದು ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಆದಿವಾಸಿ ಊರಿಗೆ ನುಗ್ಗಿದರು. ಮನೆಗಳನ್ನು ಹಾಳುಗೆಡವಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಸರ್ಕಾರ ಅಂಥದ್ದು ನಡೆದೇ ಇಲ್ಲ ಎಂದಿತು. ಆ ಹೆಣ್ಣುಮಕ್ಕಳು ಹೇಳುವುದನ್ನು ನಿಲ್ಲಿಸಲಿಲ್ಲ. ಹತ್ತೊಂಬತ್ತು ವರ್ಷ ಹೇಳಿದರು. ಗುರುತಿನ ಪರೇಡಿನಲ್ಲಿ ಕೈ ಮಾಡಿ ತೋರಿಸಿದರು. 2011ರಲ್ಲಿ ಕೋರ್ಟು, ಆಪಾದಿತರಾದ 269 ನೌಕರರಲ್ಲಿ ಆ ಹೊತ್ತಿಗೆ ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದಿತು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಮ್ಮ ಕಡೆ ಬಂದ ಪರಿಹಾರಕ್ಕೂ ಅವರ ಕಡೆ ಬಂದ ನ್ಯಾಯಕ್ಕೂ ನಡುವೆ ಇರುವ ಅಂತರ ಯೋಚಿಸಿ. ಅಲ್ಲಿ ಊರು ಒಟ್ಟಿಗೆ ನಿಂತಿತ್ತು.

ಇನ್ನೊಂದು ಯಳಂದೂರು ಕಡೆಯ ಬಿಳಿಗಿರಿರಂಗನ ಬೆಟ್ಟ. 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರ ಬೇಸಾಯ ಹೋಯಿತು. ಮುಂದೆ ಜೇನು, ನೆಲ್ಲಿ, ಪಾಸಿ ತೆಗೆದು ಮಾರುವುದಕ್ಕೂ ಅಡ್ಡಿ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅವರು ಪೋಡಿನಿಂದ ಪೋಡಿಗೆ ಹೋಗಿ ಸಭೆ ಕೂರಿಸಿದರು, ತಮ್ಮ ದೇವರ ಕಲ್ಲು, ಹಳ್ಳ ಎಲ್ಲವನ್ನೂ ನಕ್ಷೆಯ ಮೇಲೆ ಗುರುತು ಮಾಡಿದರು. 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೇ. ಅವರು ಕಲ್ಲು ಹೊಡೆಯಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ.

ಕಂಸಾಳೆಯವರು ಹಾಡುವ ಮಾದಪ್ಪನ ಕತೆಯಲ್ಲಿ ಶ್ರವಣ ದೊರೆಯ ಸೆರೆಯಲ್ಲಿ ದೇವಾನುದೇವತೆಗಳೇ ಊಳಿಗ ಮಾಡುತ್ತಿರುತ್ತಾರೆ. ಅವನನ್ನು ಮುಗಿಸಲು ಮಾದಪ್ಪನಿಗೆ ಬೇಕಾದದ್ದು ಹರಳಯ್ಯ ಹೊಲಿದುಕೊಟ್ಟ ಎಕ್ಕಡ. ದೇವತೆಗಳು ಕೈಕಟ್ಟಿ ನಿಂತಲ್ಲಿ ಕೆಲಸಕ್ಕೆ ಬಂದವನು ಚರ್ಮದ ಕೆಲಸದ ಹರಳಯ್ಯ. ಈ ಕತೆಯನ್ನು ರಾತ್ರಿಯಿಡೀ ಕೇಳಿ ಬೆಳೆದ ನೆಲದವರು ನಾವು.

ಆದ್ದರಿಂದ ಇವತ್ತಿನಿಂದ ಕೆಲವು ಕೆಲಸ ಮಾಡೋಣ.

ಓದದ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ‘ಓದಿ ಹಾಕ್ತೀನಿ ಸ್ವಾಮಿ’ ಎನ್ನುವುದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಶೋಧ, ಜಪ್ತಿಯ ವಿಡಿಯೊ ಮಾಡಲೇಬೇಕು. ವಿಡಿಯೊ ಆಗುತ್ತಿದೆಯೇ ಎಂದು ಕೇಳಿ.

ಊರಿನಿಂದ ಯಾರನ್ನಾದರೂ ಕರೆದೊಯ್ದರೆ ಅವರ ಮನೆಯವರನ್ನು ಒಂಟಿಯಾಗಿ ಠಾಣೆಗೆ ಕಳಿಸಬೇಡಿ. ಐದಾರು ಜನ ಜೊತೆಗೆ ಹೋಗಿ, ಹೆಂಗಸರೂ ಹೋಗಿ, ಜಗಳ ಮಾಡಬೇಡಿ, ಯಾವ ಕೇಸು ಎಂದು ಕೇಳಿ ಬರೆದುಕೊಳ್ಳಿ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಂಗಸರನ್ನು, 60 ದಾಟಿದವರನ್ನು ಸಾಕ್ಷಿ ವಿಚಾರಣೆಗೆಂದು ಠಾಣೆಗೆ ಬನ್ನಿ ಎನ್ನುವಂತಿಲ್ಲ, ಅವರಿದ್ದಲ್ಲಿಗೇ ಬಂದು ಕೇಳಬೇಕು. ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಬೇಕೆಂದು 2020ರಲ್ಲೇ ಸುಪ್ರೀಂ ಕೋರ್ಟು ಆದೇಶ ಮಾಡಿದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ.

ಕಾಡುಪ್ರಾಣಿಯಿಂದ ಹಸು, ಮೇಕೆ, ಬೆಳೆ ಹೋದರೆ ವಿಷದ ಬಾಟಲಿ ಕಡೆ ಕೈ ಹೋಗಬಾರದು. ಫೋಟೊ ತೆಗೆಯಿರಿ, ಅವತ್ತೇ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಹತ್ತು ಮಂದಿಯ ಅರ್ಜಿ ಒಟ್ಟಿಗೆ ಹೋದರೆ ಮೇಜಿನ ಕೆಳಗೆ ಸೇರುವುದಿಲ್ಲ.

ಟಾಡಾದಲ್ಲಿ ವರ್ಷಗಟ್ಟಲೆ ಕಳೆದವರು, ಕ್ಯಾಂಪಿಗೆ ಹೋಗಿ ಬಂದವರು, ಸದಾಶಿವ ಸಮಿತಿಯ ಮುಂದೆ ಹೆದರಿ ಹೋಗದೇ ಉಳಿದವರು ನಮ್ಮ ಬೀದಿಗಳಲ್ಲಿ ಇನ್ನೂ ಇದ್ದಾರೆ. ವಯಸ್ಸಾಗಿದೆ. ಓದುವ ಮಕ್ಕಳೇ, ಅವರು ಒಪ್ಪಿದರೆ ಮೊಬೈಲ್ ಎದುರಿಗಿಟ್ಟು ಅವರ ಮಾತನ್ನು ರೆಕಾರ್ಡ್ ಮಾಡಿ. ಒಪ್ಪದಿದ್ದರೆ ಬಲವಂತ ಬೇಡ, ಸುಮ್ಮನೆ ಪಕ್ಕದಲ್ಲಿ ಕೂತು ಬನ್ನಿ.

ಕೊನೆಯದಾಗಿ, ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕು. ಹತ್ತು ಜನ ಬಂದು, ಪುಸ್ತಕಕ್ಕೆ ಸಹಿ ಹಾಕಿ, ಟೀ ಕುಡಿದು ಎದ್ದುಹೋಗುವ ಸಭೆಯಾಗಿ ಅದನ್ನು ಬಿಟ್ಟವರು ನಾವೇ. ನಮ್ಮ ಪಂಚಾಯ್ತಿಯ ಮುಂದಿನ ಗ್ರಾಮಸಭೆಯ ದಿನ ತಿಳಿದುಕೊಂಡು ಮನೆಗೆ ಇಬ್ಬರಂತೆ ಬನ್ನಿ, ಒಬ್ಬರು ಹೆಂಗಸಾಗಿರಲಿ. ನಾವು ಮೂರು ನಿರ್ಣಯ ಮಂಡಿಸುತ್ತೇವೆ: ಕಾರ್ಯಪಡೆಯ ಕಾಲದಲ್ಲಿ ನೊಂದು ಪರಿಹಾರ ಸಿಗದೆ ಉಳಿದವರ ಪಟ್ಟಿ ಮಾಡಿ ಎರಡೂ ಸರ್ಕಾರಗಳಿಗೂ ಆಯೋಗಕ್ಕೂ ಕಳಿಸುವುದು, ಬಾಕಿ ಇರುವ ಅರಣ್ಯ ಹಕ್ಕು ಅರ್ಜಿಗಳನ್ನು ಸಭೆಯ ಮುಂದೆ ಓದುವುದು, ಕಾಡು ಕಾಯುವ ಹುಡುಗರ ಸಂಬಳ ತಿಂಗಳು ತಿಂಗಳಿಗೆ ಬರಬೇಕೆಂದು ಒತ್ತಾಯಿಸುವುದು. ನಿರ್ಣಯ ನಡಾವಳಿ ಪುಸ್ತಕಕ್ಕೆ ಬರೆದ ಮೇಲೆ, ಓದಿ ಹೇಳಿಸಿಕೊಂಡ ಮೇಲೆ, ಎದ್ದು ನಿಂತು ಸಹಿ ಹಾಕಿ. ನಕಲು ಕೇಳಿ ಪಡೆದುಕೊಂಡೇ ಮನೆಗೆ ಹೋಗಿ.

– ಹೂಗ್ಯಂ, ಮೀಣ್ಯಂ ಸುತ್ತಿನ ಕೆಲವು ನಾಗರಿಕರು
(ಓದಿದ ಮೇಲೆ ಬಿಸಾಡದೆ ಇನ್ನೊಬ್ಬರಿಗೆ ಕೊಡಿ)